ತಟ್ಟಿ ಕೇಳಿದವರು

ತಿಂಗಳ ಏಳಕ್ಕೋ ಎಂಟಕ್ಕೋ
ಕೋಲಾರದಿಂದ ಮನಿಯಾರ್ಡರು ಬರುತ್ತಿತ್ತು,
ಹಣಕ್ಕಿಂತ ಅರ್ಧ ತಾಸು ಮೊದಲೇ ಅವರು.
ಮಾದಾಪುರದ ಅಂಚೆ ಕಚೇರಿಯ ಹೊಸ್ತಿಲಾಚೆ ಚಪ್ಪಲಿ ಬಿಟ್ಟು
ನನ್ನ ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ
ತಲೆ ಓರೆ ಮಾಡಿ ಕೇಳಿ,
‘ಎಡಗಡೆ ಕಾಲು ಪೊಳ್ಳು, ಅಮ್ಮ. ಗೆದ್ದಲು.’
ನಾನು ನಕ್ಕಿದ್ದೆ.
ಆ ಯುಗಾದಿಗೆ ಮೇಜು ಮಂಡಿಯೂರಿತು
ಮಸಿ ಕುಡಿಕೆ, ಅಂಟಿನ ಬಟ್ಟಲು, ಲೆಕ್ಕದ ಪುಸ್ತಕ ಸಮೇತ.

ಸವರಿಮುತ್ತು.
ಮೂವತ್ತೊಂದು ವರ್ಷ ಚಿನ್ನದ ಗಣಿಯ ತಳದಲ್ಲಿ.
ಚಿನ್ನ ಹೇಗಿರುತ್ತೆ ಅಂದರೆ
‘ಕತ್ತಲೆ ಅಲ್ವಾ, ಕಂಡದ್ದು ಕಡಿಮೆ, ಕೇಳಿದ್ದೇ ಜಾಸ್ತಿ.’
ಮದ್ದು ಸಿಡಿದು ಹೊಗೆ ಇಳಿದ ಮೇಲೆ
ಹಾರೆಯಿಂದ ನೆತ್ತಿಯ ಬಂಡೆ ತಟ್ಟಬೇಕು.
ಟಿಣ್ ಅಂದರೆ ನಿಲ್ಲು, ಡಬ್ ಅಂದರೆ ಓಡು.
‘ಎರಡೇ ಸ್ವರ. ತಪ್ಪಿ ಕೇಳಿದವರು ಮೇಲೆ ಬರಲಿಲ್ಲ.’

ಗಣಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ಟು ಊದುತ್ತಿದ್ದರಂತೆ.
ಮಗಳನ್ನು ಹಟ್ಟಿಹೊಳೆಯ ಎಸ್ಟೇಟು ರೈಟರಿಗೆ ಕೊಟ್ಟು
ತಾವೂ ಹಿಂದೆ ಬಂದಾಗ
ಒಂದು ಟ್ರಂಕು, ಆ ಕ್ಲಾರಿನೆಟ್ಟು, ಎದೆಗೂಡಲ್ಲಿ ಕಲ್ಲಿನ ಧೂಳು.
ಧೂಳು ಗೆದ್ದಿತು. ಕ್ಲಾರಿನೆಟ್ಟು ಗೋಡೆಯ ಮೊಳೆಗೇರಿತು.
ಆಮೇಲೆ ಅಂಗಿ ಜೇಬಿನಲ್ಲಿ ಮೌತ್ ಆರ್ಗನ್ನು.
ನಾಲ್ಕು ಸಾಲು ಊದಿ, ಎರಡು ಸಾಲು ಕೆಮ್ಮಿ,
‘ಕೆಮ್ಮೂ ತಾಳಕ್ಕೇ ಬಿತ್ತು ನೋಡಿ’ ಅನ್ನುವರು.

ಸೂರಿನಡಿ ನಿದ್ದೆ ಹತ್ತುತ್ತಿರಲಿಲ್ಲ ಅವರಿಗೆ.
ಮಳೆಗಾಲ ಬಿಟ್ಟು ಮಿಕ್ಕೆಲ್ಲ ಇರುಳೂ
ಕಾಫಿ ಕಣದಲ್ಲಿ ಮಂಚ.
ಬೆಳಗಾಗೆದ್ದು ಕೋಟೆಬೆಟ್ಟದ ಹಾದಿ,
ಹತ್ತು ಹೆಜ್ಜೆ, ಒಂದು ನಿಲುವು, ಮತ್ತೆ ಹತ್ತು.
ತೊರೆಯ ಬಳಿ ಸಿಳ್ಳಾರ ಹಕ್ಕಿ
ಶಾಲೆ ತಪ್ಪಿಸಿದ ಹುಡುಗನ ಹಾಗೆ
ಅರ್ಧ ರಾಗ ಸಿಳ್ಳೆ ಹಾಕಿ ಮರೆತುಬಿಡುತ್ತದಲ್ಲ,
ಮಿಕ್ಕರ್ಧ ಇವರು ಊದುವರು.
ಹಕ್ಕಿ ಒಪ್ಪಿದ್ದಿಲ್ಲ, ಮತ್ತೆ ಮೊದಲಿಂದ ಶುರು.
‘ನನ್ನ ಬ್ಯಾಂಡ್ ಮಾಸ್ಟರೂ ಹೀಗೇ’ ಎಂದು
ಬಂಡೆ ಮೇಲೆ ಕೂತು ನಗುವರು.

ಪುತ್ತರಿಗೆ ಕರೆದರೆ ಮೂಲೆಯಲ್ಲಿ ಕೂತು
ದುಡಿಯ ಚರ್ಮ ಬೆಂಕಿಗೆ ಹಿಡಿದು ಬಿಗಿ ಮಾಡಿಕೊಡುವರು,
ಬಾರಿಸಿ ಅಂದರೆ ಕೈಮುಗಿಯುವರು.
ಸಂಜೆ ಮಬ್ಬಿನಲ್ಲಿ ಕಾಲುಸಂಕದ ಈ ತುದಿ
ಗಣಿಯ ಹಳೇ ದೀಪ ಹಣೆಗೆ ಕಟ್ಟಿ ನಿಂತು
ಲೈನಿನ ಮಕ್ಕಳನ್ನು ಎಣಿಸಿ ದಾಟಿಸುವರು.
ಪಣಿಯೆರವರ ಪುಟ್ಟಿ ಕಾಳಿಗೆ ಬೆಳಕಿನ ಹೆದರಿಕೆ,
ಅವಳ ಸರದಿಗೆ ದೀಪ ಆರಿಸಿ, ಕೈ ಹಿಡಿದು,
ಸೀಟಿ ಊದುತ್ತಾ.

ಗುಡ್ಡ ಜಾರಿದ ಆ ವರ್ಷ
ನಾವೆಲ್ಲ ಅವರ ಸುತ್ತ ಸೇರಿದ್ದೆವು:
ಒಮ್ಮೆ ತಟ್ಟಿ ನೋಡಿ, ಹೇಳಿ, ಇರಬೇಕೋ ಹೋಗಬೇಕೋ?
ಹಾರೆ ಊರಿ, ಕೆಸರಿನಲ್ಲಿ ಮೊಣಕಾಲೂರಿ, ಕಿವಿಯಿಟ್ಟರು.
ಎಷ್ಟೊತ್ತು!
ಎದ್ದಾಗ ಗಲ್ಲದ ತುಂಬ ಕೆಂಪು ಮಣ್ಣು.
‘ಕಲ್ಲಾಗಿದ್ದರೆ ಹೇಳುತ್ತಿದ್ದೆ.
ಮಣ್ಣಿನ ಭಾಷೆ ನನಗೆ ಬರಲ್ಲ. ಹೋಗೋಣ.’
ಶಾಲೆಯ ಜಗಲಿಯಲ್ಲಿ ಒಂಬತ್ತು ಇರುಳು
ಮಕ್ಕಳು ಮಲಗುವ ತನಕ ಊದಿದರು.
ಹತ್ತನೆಯದಕ್ಕೆ ಉಸಿರಿರಲಿಲ್ಲ,
ಕೊಳಲಿಲ್ಲದ ಕೃಷ್ಣನ ಹಾಗೆ ಸುಮ್ಮನೆ ಬೆರಳಾಡಿಸುತ್ತಿದ್ದರು.
ಮಕ್ಕಳು ಅದಕ್ಕೂ ಮಲಗಿದವು.

ಹೋದದ್ದು ಮಾಘದಲ್ಲಿ, ಕಣದ ಮಂಚದ ಮೇಲೆ.
ಹೂಮಳೆ ಬರುವ ಮೊದಲು.
ಮನಿಯಾರ್ಡರಿಗೆ ಗೊತ್ತಿರಲಿಲ್ಲ, ಎಂಟಕ್ಕೆ ಸರಿಯಾಗಿ ಬಂತು.
ಕೆಂಪು ಮಸಿಯಲ್ಲಿ ಬರೆಯಬೇಕು: ವಿಳಾಸದಾರರು ಮೃತ, ವಾಪಸು.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಷ್ಟು ಬರೆದಿಲ್ಲ.
ಅವತ್ತು ಅರ್ಧ ಗಂಟೆ ತಡೆದೆ,
ಹಣಕ್ಕಿಂತ ಮೊದಲು ಬರುವವರು ತಾನೆ.

ಈಗ ಮೇಜು ಕಬ್ಬಿಣದ್ದು. ಎಲ್ಲಿ ತಟ್ಟಿದರೂ ಒಂದೇ ಸದ್ದು.
ಆದರೂ ತಟ್ಟುತ್ತೇನೆ, ಬಾಗಿಲು ಹಾಕುವಾಗ,
ಯಾರೂ ನೋಡದ ಹಾಗೆ.
ಕಾಳಿ ಈಗ ಪಿಯುಸಿ, ಸ್ಟಾಂಪಿಗೆ ಬಂದವಳು
ಮೊನ್ನೆ ನೋಡಿಬಿಟ್ಟಳು.
ಹಲಸಿನ ಹಣ್ಣಾ ಅಮ್ಮ ಅದು, ಅಂದಳು.